ಹಳೆಯ ಬೆತ್ತದ ಆರಾಮಕುರ್ಚಿಗೆ ಮರುಜೀವ ಕೊಡುವುದು ಹೇಗೆ?

ಹಳೆಯ ಬೆತ್ತದ ಆರಾಮಕುರ್ಚಿಯ ಫೋಟೊ ಕಳಿಸಿ "ಇದು ಸರಿಹೋಗುತ್ತಾ, ಎಸೆದುಬಿಡ್ಲಾ?" ಎಂದು ಕೇಳುವವರು ಬಹಳ ಜನ. ಇನ್ನು ಕೆಲವರು ಅದಕ್ಕೆ ಆಗಲೇ ಬಣ್ಣ ಬಳಿದು, ಹೊಸ ದಿಂಬು ಇಟ್ಟು, ಎರಡು ತಿಂಗಳಲ್ಲಿ ಕುರ್ಚಿ ಮತ್ತೆ ಅಲುಗಾಡತೊಡಗಿದ ಮೇಲೆ ಕೇಳುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಇಡೀ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ಬೆತ್ತದ ಕುರ್ಚಿಯ ಜೀವ ಇರುವುದು ಅದರ ಕಟ್ಟುಗಳಲ್ಲಿ. ಕೋಲಿಗೆ ಕೋಲು ತಾಗಿಸಿ, ಮೊಳೆಯೋ ಸ್ಕ್ರೂವೋ ಹಾಕಿ, ಅದರ ಮೇಲೆ ಬೆತ್ತದ ಸೀಳನ್ನು ಬಿಗಿಯಾಗಿ ಸುತ್ತಿ ನಿಲ್ಲಿಸಿದ ಕುರ್ಚಿ ಇದು. ಕೂತಾಗ ಸ್ವಲ್ಪ ಬಾಗಿ, ಎದ್ದಾಗ ತನ್ನ ಆಕಾರಕ್ಕೆ ಮರಳುವುದೇ ಇದರ ಸುಖ. ಆದ್ದರಿಂದ ಕಟ್ಟು ಮೊದಲು, ಹೆಣಿಗೆ ಆಮೇಲೆ, ಮೆರುಗು ಕಟ್ಟಕಡೆಗೆ. ಈ ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನೇ ಬಿಚ್ಚಿ ಮತ್ತೆ ಮಾಡಬೇಕಾಗುತ್ತದೆ.

ಮುಂದೆ ಪದೇಪದೇ ಬರುವ ಕೆಲವು ಪದಗಳನ್ನು ಈಗಲೇ ತಿಳಿದುಕೊಳ್ಳಿ. ಬೆತ್ತ ಎಂದರೆ ತಾಳೆಯ ಕುಟುಂಬಕ್ಕೆ ಸೇರಿದ ಮುಳ್ಳಿನ ಬಳ್ಳಿ. ಇದರಲ್ಲಿ ಸುಮಾರು 600 ಪ್ರಭೇದಗಳಿವೆ. ಬಿದಿರಿನ ಒಳಗೆ ಪೊಳ್ಳು, ಬೆತ್ತ ಒಳಗೂ ಗಟ್ಟಿ. ಇಡೀ ಬಳ್ಳಿಯನ್ನೇ ಬಳಸಿದರೆ ಅದು ಕೋಲು, ಕುರ್ಚಿಯ ಚೌಕಟ್ಟು ಆಗುವುದು ಇದರಿಂದ. ಹೊಳೆಯುವ ಹೊರಸಿಪ್ಪೆಯನ್ನು ಪಟ್ಟಿಪಟ್ಟಿಯಾಗಿ ಸೀಳಿದರೆ ಸೀಳು, ಕಟ್ಟು ಸುತ್ತುವುದಕ್ಕೂ ಆಸನ ಹೆಣೆಯುವುದಕ್ಕೂ ಅದು ಬೇಕು. ಸಿಪ್ಪೆ ತೆಗೆದ ಮೇಲೆ ಉಳಿಯುವ ಒಳಭಾಗದಿಂದ ಎಳೆದದ್ದು ತಿರುಳುಕಡ್ಡಿ, ಬುಟ್ಟಿಯಂಥ ಹೆಣಿಗೆಗೆ ಬರುತ್ತದೆ. ಸೀಳಿನಿಂದ ಯಂತ್ರದಲ್ಲಿ ನೇಯ್ದು ಸುರುಳಿಯಾಗಿ ಬರುವ, ಎಂಟು ಮೂಲೆಯ ತೂತುಗಳಿರುವ ಹಾಳೆಯನ್ನು ಕೇನ್ ಜಾಲರಿ ಎನ್ನುತ್ತಾರೆ. ವಿಕರ್ ಎಂದು ಮಾರುವುದು ಯಾವ ವಸ್ತುವಿನ ಹೆಸರೂ ಅಲ್ಲ, ಅದು ಹೆಣೆಯುವ ವಿಧಾನದ ಹೆಸರು. ಬೆತ್ತ, ಕಾಗದ, ಪ್ಲಾಸ್ಟಿಕ್ ಯಾವುದರಲ್ಲಿ ಹೆಣೆದರೂ ವಿಕರೇ.

ಹಂತ 1: ಕುರ್ಚಿ ಯಾವುದರಿಂದ ಮಾಡಿದ್ದು ಎಂದು ಗುರುತಿಸಿ

ನೀರು ಮುಟ್ಟಿಸುವ ಮೊದಲು ಇದು ತಿಳಿದಿರಲೇಬೇಕು. ಕುರ್ಚಿಯನ್ನು ಮಗುಚಿ ಹಾಕಿ, ಕಾಲಿನ ತುದಿ ನೋಡಿ. ಒಳಗೆಲ್ಲ ಸಣ್ಣಸಣ್ಣ ರಂಧ್ರಗಳ ಗಟ್ಟಿ ತಿರುಳು ಕಂಡರೆ ಬೆತ್ತ. ಪೊಳ್ಳಿದ್ದು, ಗೆಣ್ಣು ಉಬ್ಬಿಕೊಂಡಿದ್ದರೆ ಬಿದಿರು. ಬೆತ್ತಕ್ಕೂ ಗೆಣ್ಣು ಉಂಟು, ಆದರೆ ಅದು ತೆಳ್ಳನೆಯ ಉಂಗುರದ ಗುರುತಿನಂತೆ ಇರುತ್ತದೆ.

ಹೆಣಿಗೆಯ ಎಳೆಯನ್ನೂ ಪರೀಕ್ಷಿಸಿ. ಎಲ್ಲ ಎಳೆಗಳೂ ಉದ್ದಕ್ಕೂ ಒಂದೇ ದಪ್ಪ, ಒಂದೇ ಬಣ್ಣ ಇದ್ದು ಉಗುರಿಗೆ ಮೇಣದಂತೆ ನುಣುಪಾಗಿ ಹತ್ತಿದರೆ ಅದು ಪ್ಲಾಸ್ಟಿಕ್. ಮುಂದಿನ ಹಂತಗಳು ಅದಕ್ಕಲ್ಲ. ಎಳೆಯ ಮೇಲೆ ಹಗ್ಗ ಹೊಸೆದಂಥ ಗೆರೆಗಳಿದ್ದು, ನೆಟ್ಟಗೆ ನಿಂತ ಎಳೆಗಳಿಗೆ ಅಯಸ್ಕಾಂತ ಅಂಟಿದರೆ ಎಚ್ಚರ. ಅದು ತಿರುಚಿದ ಕಾಗದದ ಹೆಣಿಗೆ, ಒಳಗೆ ಲೋಹದ ತಂತಿ ಇದೆ. ಅಮೆರಿಕದ ಮಾರ್ಷಲ್ ಲಾಯ್ಡ್ 1917ರಲ್ಲಿ ಪೇಟೆಂಟ್ ಪಡೆದ ಈ ವಿಧಾನಕ್ಕೆ ಲಾಯ್ಡ್ ಲೂಮ್ ಎಂದು ಹೆಸರು. ದೂರದಿಂದ ಅದು ಬೆತ್ತವೇ ಅನ್ನಿಸುತ್ತದೆ. ಬೆತ್ತವೆಂದುಕೊಂಡು ನೆನೆಸಿದರೆ ಕಾಗದ ಬಿಚ್ಚಿಕೊಂಡು ಕುರ್ಚಿ ಕೈಬಿಟ್ಟು ಹೋಗುತ್ತದೆ. ಅದಕ್ಕೆ ಒಣ ಬ್ರಷ್ಷು, ಹಿಂಡಿದ ಒದ್ದೆ ಬಟ್ಟೆ ಸಾಕು.

ಕಡೆಯದಾಗಿ, ಬೆತ್ತ ಇರುವುದು ಚೌಕಟ್ಟಿನಲ್ಲೋ ಆಸನದಲ್ಲಿ ಮಾತ್ರವೋ ನೋಡಿ. ಇಟಲಿಯ ವಿನ್ಯಾಸಕ ಫ್ರಾಂಕೊ ಅಲ್ಬಿನಿಯ 1951ರ ಮಾರ್ಗರಿಟಾ ಕುರ್ಚಿ, ಜಪಾನಿನ ವಿನ್ಯಾಸಕ ಇಸಾಮು ಕೆನ್ಮೊಚಿ 1960ರಲ್ಲಿ ಟೋಕಿಯೊದ ಒಂದು ಹೋಟೆಲಿಗಾಗಿ ರೂಪಿಸಿದ ದುಂಡನೆಯ ಆರಾಮಕುರ್ಚಿ, ಇವು ಪೂರ್ತಿ ಬೆತ್ತದವು. ಥೋನೆಟ್ ಕಂಪನಿಯ 1859ರ ಬಾಗಿಸಿದ ಮರದ ಕುರ್ಚಿ, ವಿನ್ಯಾಸಕ ಮಾರ್ಸೆಲ್ ಬ್ರಾಯರ್‌ನ 1928ರ ಉಕ್ಕಿನ ಕೊಳವೆಯ ಕುರ್ಚಿ, ಇವುಗಳಲ್ಲಿ ಬೆತ್ತ ಇರುವುದು ಆಸನದಲ್ಲಿ, ಹೆಚ್ಚೆಂದರೆ ಒರಗಿನಲ್ಲಿ ಮಾತ್ರ. ನಿಮ್ಮದು ಎರಡನೆಯ ಬಗೆಯದಾದರೆ ನಿಮಗೆ ಮುಖ್ಯವಾಗಿ ಬೇಕಿರುವುದು ಹಂತ 7. ಆಸನದ ಅಡಿಯಲ್ಲಿ ಲೇಬಲ್, ಮುದ್ರೆ, ಅಚ್ಚೊತ್ತಿದ ಅಂಕಿ ಏನಾದರೂ ಇದ್ದರೆ ಮುಟ್ಟಬೇಡಿ, ಫೋಟೊ ತೆಗೆದಿಡಿ. ಹೆಸರಾಂತ ವಿನ್ಯಾಸದ ಅಸಲಿ ಕುರ್ಚಿ ಆಗಿದ್ದರೆ ಉಪ್ಪುಕಾಗದ ಹಾಕಿ ಉಜ್ಜಿದ ಕ್ಷಣಕ್ಕೆ ಅದರ ಮೌಲ್ಯ ಇಳಿಯುತ್ತದೆ. ಅಂಥದ್ದನ್ನು ತಿಳಿದವರ ಕೈಗೆ ಕೊಡುವುದೇ ಸರಿ.

ಹಂತ 2: ಕೈಹಾಕಬಹುದೋ ಬೇಡವೋ ತೀರ್ಮಾನಿಸಿ

ಕುರ್ಚಿಯನ್ನು ಸಮನೆಲದ ಮೇಲಿಟ್ಟು, ಎರಡು ಕೈಯಲ್ಲಿ ತೋಳುಗಳನ್ನು ಹಿಡಿದು ಎಡಕ್ಕೂ ಬಲಕ್ಕೂ ನಿಧಾನ ಅಲುಗಿಸಿ. ಕಿರ್ರೆನ್ನುವುದು ದೋಷವಲ್ಲ, ಒಣಗಿದ ಕಟ್ಟು ಹಾಗೆ ಸದ್ದು ಮಾಡುತ್ತದೆ. ಇಡೀ ಚೌಕಟ್ಟೇ ಒಂದು ಪಕ್ಕಕ್ಕೆ ವಾಲಿದರೆ ಕಟ್ಟು ಸಡಿಲಾಗಿದೆ. ಅದನ್ನೂ ಸರಿಮಾಡಬಹುದು.

ನಾನು ಬೇಡ ಅನ್ನುವುದು ಮೂರು ಸಂದರ್ಭಗಳಲ್ಲಿ. ಭಾರ ಹೊರುವ ದಪ್ಪ ಕೋಲು ಅಡ್ಡಕ್ಕೆ ಮುರಿದಿದ್ದರೆ, ಅದರಲ್ಲೂ ಹಿಂಗಾಲು ಒರಗಾಗಿ ಬಾಗುವ ಜಾಗದಲ್ಲಿ. ಉಗುರು ಒತ್ತಿದರೆ ಕೋಲು ಮೆತ್ತಗೆ ಒಳಹೋಗುವಂತಿದ್ದರೆ, ಅಂದರೆ ಕೊಳೆತಿದ್ದರೆ. ಅಥವಾ ಎಳೆಗಳನ್ನು ಎಲ್ಲಿ ಬಾಗಿಸಿದರೂ ಪಟಪಟ ಮುರಿಯುತ್ತಿದ್ದರೆ. ಈ ಮೂರನೆಯದಕ್ಕೆ ಒಂದು ಅವಕಾಶ ಕೊಟ್ಟು ನೋಡಿ: ಕಾಣದ ಮೂಲೆಯಲ್ಲಿ ಒದ್ದೆ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟು ಮತ್ತೆ ಬಾಗಿಸಿ. ಬಾಗಿದರೆ ಬರೀ ಒಣಗಿದೆ, ಉಳಿಯುತ್ತದೆ. ಆಗಲೂ ಮುರಿದರೆ ನಾರೇ ಸತ್ತಿದೆ.

ಹಳೆಯ ಬಣ್ಣ ಬಳಿದ ಕುರ್ಚಿಯಾದರೆ ಇನ್ನೊಂದು ಎಚ್ಚರಿಕೆ. ಹಿಂದೆ ಬಣ್ಣಕ್ಕೆ ಸೀಸ ಬೆರೆಸುವುದು ಸಾಮಾನ್ಯವಾಗಿತ್ತು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಅದನ್ನು ನಿಷೇಧಿಸಿದ್ದೇ 1978ರಲ್ಲಿ. ಸೀಸದ ಧೂಳು ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಪರೀಕ್ಷಿಸದೆ ಅಂಥ ಬಣ್ಣವನ್ನು ಒಣಗಿದ್ದಂತೆ ಉಜ್ಜಲೇಬೇಡಿ. ಹೆಣಿಗೆಯ ಸಂದಿಯಲ್ಲಿ ಕೂತ ಬಣ್ಣವನ್ನು ಪೂರ್ತಿ ತೆಗೆಯಲು ಹೇಗೂ ಆಗುವುದಿಲ್ಲ. ಬಣ್ಣ ಗಟ್ಟಿಯಾಗಿದ್ದರೆ ಅದರ ಮೇಲೇ ಹೊಸದು ಬಳಿಯುವುದು ಜಾಣತನ.

ಹಂತ 3: ಸಾಮಾನು ಜೋಡಿಸಿಕೊಳ್ಳಿ

ಮೃದು ಬ್ರಷ್ಷು, ಹಳೆಯ ಟೂತ್‌ಬ್ರಷ್ಷು, ಸೌಮ್ಯ ಸೋಪು. ಬಿಳಿ ಮರದಂಟು. ಸಣ್ಣ ಬಿಟ್‌ಗಳ ಡ್ರಿಲ್, ತೆಳು ಮೊಳೆ, ಸ್ಕ್ರೂ. ಹರಿತವಾದ ಚಾಕು, ಕಿರಿದಾದ ಉಳಿ, ಮರದ ಅಥವಾ ರಬ್ಬರಿನ ಸುತ್ತಿಗೆ. ಬಿಗಿಯಲು ಕ್ಲ್ಯಾಂಪ್, ಇಲ್ಲದಿದ್ದರೆ ಗಟ್ಟಿ ಹಗ್ಗ ಮತ್ತು ಒಂದು ಕೋಲು. 220ನೇ ನಂಬರಿನ ಉಪ್ಪುಕಾಗದ. ಕಟ್ಟಿಗೆ 5ರಿಂದ 6 ಮಿಲಿಮೀಟರ್ ಅಗಲದ ಸೀಳು.

ಸೀಳು ಕೊಳ್ಳುವಾಗ ಹಳೆಯದರ ಒಂದು ತುಂಡನ್ನು ಕೈಯಲ್ಲಿ ಹಿಡಿದೇ ಹೋಗಿ. ಕಣ್ಣಳತೆಯಲ್ಲಿ ತಂದದ್ದು ಒಂದೇ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಹಳೆಯ ಕಟ್ಟುಗಳ ಪಕ್ಕದಲ್ಲಿ ಎದ್ದು ಕಾಣುತ್ತದೆ.

ಹಂತ 4: ತೊಳೆಯಿರಿ, ನೆರಳಲ್ಲಿ ಒಣಗಿಸಿ

ಮೊದಲು ಒಣ ಧೂಳು ಪೂರ್ತಿ ಹೋಗಬೇಕು. ವ್ಯಾಕ್ಯೂಮ್ ಕ್ಲೀನರಿನ ಬ್ರಷ್ ತುದಿಯಿಂದ ಒಳಗೂ ಹೊರಗೂ ಎಳೆಯಿರಿ. ಧೂಳಿರುವಾಗಲೇ ನೀರು ಹಾಕಿದರೆ ಅದು ಕೆಸರಾಗಿ ಹೆಣಿಗೆಯ ಸಂದಿಯಲ್ಲಿ ಗಟ್ಟಿ ಕೂರುತ್ತದೆ.

ಆಮೇಲೆ ಉಗುರುಬೆಚ್ಚಗಿನ ನೀರಿಗೆ ಒಂದಿಷ್ಟು ಸೋಪು ಹಾಕಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ. ಸಂದಿಗಳಿಗೆ ಟೂತ್‌ಬ್ರಷ್ಷು. ಕೊನೆಗೆ ಬರೀ ನೀರಿನ ಬಟ್ಟೆಯಲ್ಲಿ ಸೋಪಿನಂಶ ತೆಗೆಯಿರಿ. ಬೂಷ್ಟು ಹಿಡಿದಿದ್ದರೆ ಬಿಳಿ ವಿನಿಗರಿಗೆ ಅಷ್ಟೇ ನೀರು ಬೆರೆಸಿ ಒರೆಸಿ. ಆ ಕೆಲಸವನ್ನು ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು ಮಾಡಿ. ಬ್ಲೀಚ್ ಬೇಡ, ನಾರು ಸವೆದು ಬಣ್ಣ ಮಚ್ಚೆಮಚ್ಚೆಯಾಗುತ್ತದೆ.

ಪೈಪಿನಲ್ಲಿ ನೀರು ಬಿಟ್ಟು ತೊಳೆಯುವುದು ಎಲ್ಲರೂ ಮಾಡುವ ತಪ್ಪು. ಕಟ್ಟಿನ ಒಳಗಿರುವ ಕಬ್ಬಿಣದ ಮೊಳೆಗೆ ತುಕ್ಕು ಹಿಡಿದು ಬೆತ್ತದ ಮೇಲೆ ಕಪ್ಪು ಕಲೆ ಬರುತ್ತದೆ, ಹಳೆಯ ಅಂಟು ಕರಗುತ್ತದೆ. ತೊಳೆದ ಮೇಲೆ ಗಾಳಿಯಾಡುವ ನೆರಳಿನಲ್ಲಿ ಕನಿಷ್ಠ 48 ಗಂಟೆ ಒಣಗಲಿ. ಬೇಗ ಆಗಲಿ ಎಂದು ಸುಡುಬಿಸಿಲಿಗೆ ಇಟ್ಟರೆ ಹೊರಸಿಪ್ಪೆ ಮೊದಲು ಕುಗ್ಗಿ ಸೀಳುತ್ತದೆ. ಈ ಎರಡು ದಿನ ಯಾರೂ ಅದರಲ್ಲಿ ಕೂರಬಾರದು, ಒದ್ದೆ ಬೆತ್ತ ಭಾರಕ್ಕೆ ಹೇಗೆ ಬಾಗಿತೋ ಹಾಗೇ ಒಣಗುತ್ತದೆ.

ಹಂತ 5: ಕುಟ್ಟೆ ಇದೆಯೇ ನೋಡಿ

ಗುಂಡುಸೂಜಿಯ ತಲೆಯಷ್ಟು ತೂತುಗಳು, ಕೆಳಗೆ ಗೋಧಿಹಿಟ್ಟಿನಷ್ಟು ನಯವಾದ ಪುಡಿ ಕಂಡರೆ ಕುಟ್ಟೆ ಹಿಡಿದಿದೆ. ಹುಳ ತಿನ್ನುವುದು ಪಿಷ್ಟ ಇರುವ ಒಳತಿರುಳನ್ನು, ಹಾಗಾಗಿ ಹೊರಗಿನಿಂದ ಚೆನ್ನಾಗಿ ಕಾಣುವ ಕೋಲು ಒಳಗೆ ಟೊಳ್ಳಾಗಿರಬಹುದು. ತೂತು ಇದ್ದ ಮಾತ್ರಕ್ಕೆ ಹುಳ ಈಗಲೂ ಇದೆ ಎಂದಲ್ಲ. ಕುರ್ಚಿಯ ಕೆಳಗೆ ಕಪ್ಪು ಕಾಗದ ಹಾಸಿ, ಎರಡು ವಾರ ಮುಟ್ಟದೆ ಬಿಡಿ. ಕಾಗದದ ಮೇಲೆ ಹೊಸ ಪುಡಿ ಬಿದ್ದಿದ್ದರೆ ಹುಳ ಜೀವಂತವಾಗಿದೆ.

ಆಗ ಮಾಡಬಹುದಾದದ್ದು ಬೋರೇಟ್ ದ್ರಾವಣ. ಬೊರಾಕ್ಸ್ 3 ಪಾಲು, ಬೋರಿಕ್ ಆಮ್ಲ 2 ಪಾಲು ಸೇರಿಸಿ, ನೂರು ಭಾಗ ದ್ರಾವಣದಲ್ಲಿ 5 ಭಾಗ ಆಗುವಂತೆ ಬಿಸಿನೀರಿನಲ್ಲಿ ಕರಗಿಸಿ. ಇದು ಸಿಪ್ಪೆಯ ಮೂಲಕ ಇಳಿಯುವುದಿಲ್ಲ, ಮೆರುಗು ಹಚ್ಚಿದ ಜಾಗದಲ್ಲೂ ಇಳಿಯುವುದಿಲ್ಲ. ಆದ್ದರಿಂದ ಕೋಲಿನ ಕತ್ತರಿಸಿದ ತುದಿಗಳಿಗೆ ಹಲವು ಸಲ ಹಚ್ಚಿ, ತೂತುಗಳ ಒಳಗೆ ಸಿರಿಂಜಿನಿಂದ ಬಿಡಿ. ಕೈಗವಸು ಇರಲಿ, ಒಣಗುವ ತನಕ ಮಕ್ಕಳು, ಸಾಕುಪ್ರಾಣಿಗಳು ಹತ್ತಿರ ಬರದಿರಲಿ. ಇಡೀ ಚೌಕಟ್ಟಿಗೆ ಹರಡಿದ್ದರೆ ಈ ಹಚ್ಚುವಿಕೆ ಸಾಲದು. ಕೀಟ ನಿಯಂತ್ರಣದವರನ್ನು ಕರೆಯಿರಿ. ಅದಾಗುವವರೆಗೆ ಕುರ್ಚಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿ, ಮನೆಯ ಬೇರೆ ಮರದ ಸಾಮಾನಿನಿಂದ ದೂರವಿಡಿ.

ಹಂತ 6: ಚೌಕಟ್ಟು ಬಿಗಿ ಮಾಡಿ, ಕಟ್ಟು ಸುತ್ತಿ

ಇಡೀ ಕೆಲಸದ ತಿರುಳು ಇದೇ. ಇಲ್ಲಿ ಆತುರ ಮಾಡಬೇಡಿ.

ಸಡಿಲಾದ ಕೀಲಿನ ಹಳೆಯ ಕಟ್ಟನ್ನು ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಸೀಳು ಎಲ್ಲಿ ಶುರುವಾಯಿತು, ಎಲ್ಲಿ ಅಡ್ಡ ಹಾಯಿತು ಎಂಬುದು ಆಮೇಲೆ ನೆನಪಿರುವುದಿಲ್ಲ. ಒಂದು ಸಲಕ್ಕೆ ಒಂದೇ ಕೀಲು ಬಿಚ್ಚಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ, ಹತ್ತಾರು ವರ್ಷ ಬಾಗಿ ನಿಂತಿದ್ದ ಕೋಲುಗಳು ತಮ್ಮ ಪಾಡಿಗೆ ಅಗಲಿಕೊಂಡು ಮತ್ತೆ ಜೋಡಿಸಲು ಬಾರದಂತಾಗುತ್ತವೆ.

ಒಳಗಿನ ತುಕ್ಕು ಹಿಡಿದ ಮೊಳೆ ತೆಗೆಯಿರಿ. ಕೋಲುಗಳು ತಾಗುವ ಜಾಗದಲ್ಲಿ ಹೊಳಪಿನ ಸಿಪ್ಪೆಯನ್ನು ಚಾಕುವಿನಿಂದ ಕೆರೆಯಿರಿ. ಬೆತ್ತದ ಸಿಪ್ಪೆಯಲ್ಲಿ ಸಿಲಿಕಾ ಇರುವುದರಿಂದ ಅದಕ್ಕೆ ಅಂಟು ಹಿಡಿಯುವುದಿಲ್ಲ, ಕೆರೆದ ತಿರುಳಿಗೆ ಮಾತ್ರ ಹಿಡಿಯುತ್ತದೆ. ಹೊಸ ಮೊಳೆಗೂ ಸ್ಕ್ರೂಗೂ ಮೊದಲು ಅದರ ದಪ್ಪಕ್ಕಿಂತ ತುಸು ಸಣ್ಣ ತೂತು ಕೊರೆಯಿರಿ. ಬೆತ್ತದ ನಾರು ಉದ್ದುದ್ದಕ್ಕೆ ಇರುವುದರಿಂದ ತೂತಿಲ್ಲದೆ ಹೊಡೆದ ಮೊಳೆ, ಮುಖ್ಯವಾಗಿ ಕೋಲಿನ ತುದಿಯ ಬಳಿ, ಕೋಲನ್ನೇ ಸೀಳುತ್ತದೆ. ಅಂಟು ಹಾಕಿ, ಸ್ಕ್ರೂ ಬಿಗಿದು, ಕ್ಲ್ಯಾಂಪ್ ಹಾಕಿ ಒಂದು ರಾತ್ರಿ ಬಿಡಿ. ಕ್ಲ್ಯಾಂಪ್ ಇಲ್ಲದಿದ್ದರೆ ಹಗ್ಗವನ್ನು ಎರಡು ಸುತ್ತು ಹಾಕಿ, ನಡುವೆ ಕೋಲು ತೂರಿಸಿ ತಿರುಚುತ್ತಾ ಹೋದರೆ ಅಷ್ಟೇ ಬಿಗಿ ಬರುತ್ತದೆ.

ಅಂಟು ಒಣಗುವ ಮೊದಲು ಕುರ್ಚಿ ಸರಿಯಾಗಿ ನಿಂತಿದೆಯೇ ಅಳೆಯಿರಿ. ಮುಂದಿನ ಎಡಗಾಲಿನಿಂದ ಹಿಂದಿನ ಬಲಗಾಲಿಗೆ, ಮುಂದಿನ ಬಲಗಾಲಿನಿಂದ ಹಿಂದಿನ ಎಡಗಾಲಿಗೆ, ಈ ಎರಡು ಅಡ್ಡಳತೆಗಳು ಸಮನಾಗಿರಬೇಕು. ವ್ಯತ್ಯಾಸವಿದ್ದರೆ ಉದ್ದ ಬಂದ ಕಡೆಯಿಂದ ಮೆಲ್ಲಗೆ ಒತ್ತಿ ಸರಿಪಡಿಸಿ.

ಈಗ ಕಟ್ಟು. ಸೀಳು ಎಷ್ಟು ಬೇಕು ಎಂದು ಮೊದಲೇ ಲೆಕ್ಕ ಹಾಕಿ. 25 ಮಿಲಿಮೀಟರ್ ದಪ್ಪದ ಕೋಲಿನ ಸುತ್ತಳತೆ ಸುಮಾರು 78 ಮಿಲಿಮೀಟರ್. 6 ಮಿಲಿಮೀಟರ್ ಅಗಲದ ಸೀಳಿನಲ್ಲಿ 10 ಸೆಂಟಿಮೀಟರ್ ಉದ್ದ ಸುತ್ತಲು 17 ಸುತ್ತು ಬೇಕು, ಅಂದರೆ ಸುಮಾರು 1.35 ಮೀಟರ್. ತುದಿಗಳಿಗೂ ಹಿಡಿತಕ್ಕೂ ಸೇರಿಸಿ 1.7 ಮೀಟರ್ ಕತ್ತರಿಸಿಕೊಳ್ಳಿ. ನಡುವೆ ಸಾಲದೆ ಬಂದರೆ ಜೋಡಿಸಿದ ಗುರುತು ಎಂದಿಗೂ ಹೋಗುವುದಿಲ್ಲ.

ಸೀಳನ್ನು ಬೆಚ್ಚಗಿನ ನೀರಿನಲ್ಲಿ 20ರಿಂದ 30 ನಿಮಿಷ ನೆನೆಸಿ. ಬೆರಳಿಗೆ ಸುತ್ತಿದಾಗ ಬಿರುಕು ಬಿಡದೆ ಬಂದರೆ ಹದವಾಗಿದೆ. ಹೆಚ್ಚು ಹೊತ್ತು ಬಿಡಬೇಡಿ. ನಾನು ಒಮ್ಮೆ ಇಡೀ ರಾತ್ರಿ ನೆನೆಸಿಟ್ಟ ಸೀಳು ಬೆಳಿಗ್ಗೆ ಬಣ್ಣ ಕಂದಿ, ಅಂಚಿನಲ್ಲಿ ನಾರುನಾರಾಗಿ ಎದ್ದಿತ್ತು. ಒಂದು ಕಂತೆಯೇ ವ್ಯರ್ಥವಾಯಿತು.

ಸೀಳಿನ ಒಂದು ತುದಿಯನ್ನು ಕೋಲಿನ ಉದ್ದಕ್ಕೆ 4–5 ಸೆಂಟಿಮೀಟರಿನಷ್ಟು ಮಲಗಿಸಿ, ಸಣ್ಣ ಮೊಳೆಯಿಂದ ಹಿಡಿಸಿ. ಹೊಳಪಿನ ಮುಖ ಹೊರಗೆ ಬರಲಿ. ಈಗ ಆ ತುದಿಯ ಮೇಲೇ ಸುತ್ತುತ್ತಾ ಬನ್ನಿ, ಮೊದಲ ಸುತ್ತುಗಳೇ ಅದನ್ನು ಒತ್ತಿ ಹಿಡಿಯುತ್ತವೆ. ಎಡಗೈಯ ಹೆಬ್ಬೆರಳು ಈಗಷ್ಟೇ ಹಾಕಿದ ಸುತ್ತಿನ ಮೇಲೆ ಇರಬೇಕು, ಬಲಗೈ ಎಳೆಯಬೇಕು, ಎಳೆದ ಮೇಲೆ ಹೆಬ್ಬೆರಳು ಮುಂದಿನ ಸುತ್ತಿಗೆ ಸರಿಯಬೇಕು. ಸುತ್ತಿಗೂ ಸುತ್ತಿಗೂ ನಡುವೆ ಸಂದು ಬೇಡ, ಒಂದರ ಮೇಲೊಂದು ಏರಲೂ ಬೇಡ. ಎರಡು ಕೋಲು ಅಡ್ಡಡ್ಡ ಸೇರುವ ಕಡೆ ಮೊದಲು ಗುಣಾಕಾರ ಚಿಹ್ನೆಯಂತೆ ಎರಡೂ ಓರೆಗೆ ಹಾಯಿಸಿ ಬಿಗಿದು, ಆಮೇಲೆ ಒಂದೊಂದೇ ಕೋಲಿಗೆ ಸುತ್ತಿ ಮುಗಿಸಿ. ಭಾರ ಹೊರುವುದು ಆ ಓರೆಯ ಎಳೆಗಳೇ.

ಮುಗಿಸುವಾಗ ಕೊನೆಯ ನಾಲ್ಕು ಸುತ್ತು ಉಳಿದಿವೆ ಎನ್ನುವಾಗ ಗಟ್ಟಿ ದಾರವನ್ನು ಮಡಚಿ ಕುಣಿಕೆಯಂತೆ ಕೋಲಿನ ಮೇಲಿಟ್ಟು, ಅದರ ಮೇಲೆ ಸುತ್ತಿ. ಸೀಳಿನ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ತುದಿಗೆ ಒಂದು ತೊಟ್ಟು ಅಂಟು ಹಚ್ಚಿ, ದಾರದ ಎರಡೂ ಕೊನೆಗಳನ್ನು ಹಿಡಿದು ಎಳೆಯಿರಿ. ಸೀಳು ಆ ನಾಲ್ಕು ಸುತ್ತಿನ ಅಡಿಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಹೊರಗೆ ಉಳಿದದ್ದನ್ನು ಚಾಕುವಿನಿಂದ ಕೊಯ್ಯಿರಿ. ಮರುದಿನಕ್ಕೆ ಸೀಳು ಒಣಗಿ ಕುಗ್ಗಿ, ನೀವು ಕೈಯಲ್ಲಿ ಎಳೆದದ್ದಕ್ಕಿಂತ ಬಿಗಿಯಾಗಿರುತ್ತದೆ. ಉಗುರಿನಿಂದ ಸುತ್ತನ್ನು ಪಕ್ಕಕ್ಕೆ ತಳ್ಳಿ ನೋಡಿ. ಜರುಗದಿದ್ದರೆ ಕಟ್ಟು ಸರಿಯಾಗಿದೆ. ಜರುಗಿದರೆ ಬಿಚ್ಚಿ ಹೊಸ ಸೀಳಿನಲ್ಲಿ ಮತ್ತೆ ಸುತ್ತಿ. ಮೇಲಿಂದ ಅಂಟು ಸುರಿದು ಮುಚ್ಚುವುದು ಪರಿಹಾರವಲ್ಲ.

ಉದ್ದಕ್ಕೆ ಬಿರುಕುಬಿಟ್ಟ ಕೋಲಿಗೆ ಬಿರುಕಿನೊಳಗೆ ಅಂಟು ತುಂಬಿ, ಬಿಗಿದು, ಮೇಲೆ ಹೀಗೆಯೇ ಕಟ್ಟು ಹಾಕಿದರೆ ಸಾಕು. ದಪ್ಪ ಕೋಲನ್ನು ಹೊಸದಾಗಿ ಆವಿಯಲ್ಲಿ ಬಾಗಿಸುವ ಕೆಲಸಕ್ಕೆ ಮಾತ್ರ ಮನೆಯಲ್ಲಿ ಇಳಿಯಬೇಡಿ. ಅದಕ್ಕೆ ಅಚ್ಚು, ಅಭ್ಯಾಸ ಎರಡೂ ಬೇಕು.

ಹಂತ 7: ಆಸನದ ಹೆಣಿಗೆ

ಮೊದಲು ಸುಲಭದ್ದು. ಜಾಲರಿ ಜೋತುಬಿದ್ದಿದೆ, ಆದರೆ ಎಳೆ ಎಲ್ಲೂ ಹರಿದಿಲ್ಲ ಎಂದಾದರೆ ಬದಲಿಸಬೇಕಿಲ್ಲ. ಕುರ್ಚಿ ಮಗುಚಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಜಾಲರಿಯ ಅಡಿಭಾಗದ ಮೇಲೆ ಅರ್ಧ ಗಂಟೆ ಹಾಸಿ. ಅಡಿಭಾಗವೇ ಏಕೆಂದರೆ ಮೇಲ್ಮುಖದ ಸಿಪ್ಪೆ ನೀರು ಹೀರುವುದಿಲ್ಲ. ಟವೆಲು ತೆಗೆದು ಗಾಳಿಯಲ್ಲಿ ಒಣಗಲು ಬಿಡಿ. ಒಣಗುತ್ತಾ ಜಾಲರಿ ತಾನೇ ಮೇಲೆದ್ದು ಬಿಗಿಯಾಗುತ್ತದೆ. ಬೆರಳಿನಿಂದ ತಟ್ಟಿದರೆ ಚರ್ಮವಾದ್ಯದ ಹಾಗೆ ನುಡಿಯುತ್ತದೆ.

ಹರಿದಿದ್ದರೆ ಚೌಕಟ್ಟಿನ ಅಂಚು ನೋಡಿ. ಸುತ್ತಲೂ ಸಾಲು ತೂತುಗಳಿದ್ದರೆ ಅದು ಕೈಯಿಂದ ಹೆಣೆದದ್ದು: ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು, ಓರೆಗೆ ಎರಡು, ಹೀಗೆ ಆರು ಸಲ ಎಳೆ ಹಾಯಿಸಿ, ಏಳನೆಯದಾಗಿ ಅಂಚು ಕಟ್ಟುವುದು. ಕಲಿಯಬಹುದಾದ ವಿದ್ಯೆ, ಆದರೆ ಮೊದಲ ಸಲಕ್ಕೆ ಹಲವು ದಿನ ಹಿಡಿಯುತ್ತದೆ. ಸಮಯ ಉಳಿಸಲು ಆ ತೂತುಗಳ ಮೇಲೆ ಜಾಲರಿ ಇಟ್ಟು ಪಿನ್ ಹೊಡೆಯಬೇಡಿ, ಕೂತ ಕೆಲವೇ ದಿನಕ್ಕೆ ಕಿತ್ತು ಬರುತ್ತದೆ.

ಅಂಚಿನಲ್ಲಿ ಕಾಲುವೆಯಂಥ ತೋಡು ಇದ್ದು, ಅದರೊಳಗೆ ಒಂದು ಕಡ್ಡಿ ಕೂತಿದ್ದರೆ ಅದು ಜಾಲರಿಯ ಆಸನ. ಆ ಕಡ್ಡಿಯನ್ನು ಸ್ಪ್ಲೈನ್ ಎನ್ನುತ್ತಾರೆ, ಜಾಲರಿಯನ್ನು ತೋಡಿನೊಳಗೆ ಒತ್ತಿ ಹಿಡಿಯುವುದು ಅದರ ಕೆಲಸ. ಹಳೆಯ ಸ್ಪ್ಲೈನನ್ನು ಉಳಿಯಿಂದ ಎಬ್ಬಿಸಿ. ಬರದಿದ್ದರೆ ಬಿಸಿ ವಿನಿಗರನ್ನು ತೋಡಿನ ಉದ್ದಕ್ಕೂ ತೊಟ್ಟುತೊಟ್ಟಾಗಿ ಬಿಟ್ಟು ಕಾಯಿರಿ, ಹಳೆಯ ಅಂಟು ಮೆತ್ತಗಾಗುತ್ತದೆ. ತೋಡನ್ನು ಚೂರೂ ಅಂಟು ಉಳಿಯದಂತೆ ಕೆರೆದು ಶುದ್ಧ ಮಾಡಿ. ಇಲ್ಲಿ ಸೋಮಾರಿತನ ಮಾಡಿದರೆ ಹೊಸ ಸ್ಪ್ಲೈನ್ ಪೂರ್ತಿ ಇಳಿಯುವುದಿಲ್ಲ.

ಹೊಸ ಜಾಲರಿಯನ್ನು ತೋಡಿಗಿಂತ ಪ್ರತಿ ಬದಿಗೂ ಎರಡೂವರೆ ಸೆಂಟಿಮೀಟರ್ ಹೆಚ್ಚಾಗಿ ಕತ್ತರಿಸಿ, ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಹೊಳಪಿನ ಮುಖ ಮೇಲೆ ಮಾಡಿ, ತೂತುಗಳ ಸಾಲು ಮುಂದಿನ ಅಂಚಿಗೆ ನೇರವಾಗಿ ಬರುವಂತೆ ಹಾಸಿ. ಹಿಂದಿನ ಅಂಚಿನ ನಡುವೆ ಒಂದು ಮರದ ಬೆಣೆ ಹೊಡೆದು ಜಾಲರಿಯನ್ನು ತೋಡಿಗೆ ಇಳಿಸಿ, ಬೆಣೆ ಅಲ್ಲೇ ಇರಲಿ. ಎದುರಿನ ಅಂಚಿನ ನಡುವೆ ಇನ್ನೊಂದು, ಆಮೇಲೆ ಎಡಬಲ ನಡುವೆ, ಅಲ್ಲಿಂದ ಮೂಲೆಗಳ ಕಡೆಗೆ. ಸುಕ್ಕು ಹೋಗುವಷ್ಟು ಎಳೆದರೆ ಸಾಕು, ಬಲ ಹಾಕಿ ಬಿಗಿಯಬೇಡಿ. ಒದ್ದೆಯಲ್ಲಿ ತಂತಿಯಂತೆ ಬಿಗಿದ ಜಾಲರಿ ಒಣಗಿ ಕುಗ್ಗುವಾಗ ಅಂಚಿನಲ್ಲಿ ಹರಿಯುತ್ತದೆ, ಚೌಕಟ್ಟು ತೆಳುವಾಗಿದ್ದರೆ ಅದನ್ನೇ ಸೊಟ್ಟ ಮಾಡುತ್ತದೆ.

ಹೆಚ್ಚುವರಿ ತುದಿಗಳನ್ನು ತೋಡಿನ ಹೊರಗೋಡೆಯ ಒಳಗೇ, ಮೇಲಂಚಿಗಿಂತ ತುಸು ಕೆಳಗೆ ಉಳಿಯಿಂದ ಕತ್ತರಿಸಿ. ತೋಡಿಗೆ ಬಿಳಿ ಮರದಂಟು ಬಿಟ್ಟು, ನೆನೆಸಿದ ಸ್ಪ್ಲೈನನ್ನು ರಬ್ಬರಿನ ಸುತ್ತಿಗೆಯಿಂದ ಸಮವಾಗಿ ಇಳಿಸಿ. ಎಪಾಕ್ಸಿ, ಸೂಪರ್ ಗ್ಲೂ ಬೇಡವೇ ಬೇಡ. ಮುಂದೊಂದು ದಿನ ಈ ಜಾಲರಿಯನ್ನೂ ಬದಲಿಸಬೇಕಾಗುತ್ತದೆ, ಆಗ ಬಿಡಿಸಲು ಬರಬೇಕು. ಎರಡು ದಿನ ಯಾರೂ ಕೂರಬೇಡಿ. ಮೊದಲ ದಿನ ಸಡಿಲವಾಗಿ ಕಂಡರೆ ಗಾಬರಿಯಾಗಬೇಡಿ, ಒಣಗಲು ಬಿಡಿ.

ತಿರುಳುಕಡ್ಡಿಯ ಬುಟ್ಟಿ ಹೆಣಿಗೆಯಾದರೆ ಮುರಿದ ಎಳೆಯನ್ನು ಮಾತ್ರ ಬದಲಿಸಿ. ಮುರಿದದ್ದನ್ನು ನೆಟ್ಟನೆಯ ಎಳೆಯ ಹಿಂಬದಿಗೆ ಬರುವಂತೆ ಕತ್ತರಿಸಿ, ಅದೇ ದಪ್ಪದ ನೆನೆಸಿದ ಕಡ್ಡಿಯನ್ನು ಹಳೆಯ ದಾರಿಯಲ್ಲೇ ಮೇಲೆಕೆಳಗೆ ಹಾಯಿಸಿ, ತುದಿಗಳನ್ನು ಹಿಂದೆಯೇ ಮುಗಿಸಿ.

ಹಂತ 8: ಮೆರುಗು

ಬೆತ್ತದ ಸಿಪ್ಪೆಗೆ ಹುಟ್ಟಿನಿಂದಲೇ ಹೊಳಪಿದೆ. ಹಳೆಯದಾಗುತ್ತಾ ಅದು ಪಡೆಯುವ ಜೇನುಬಣ್ಣವನ್ನು ಯಾವ ಡಬ್ಬಿಯಿಂದಲೂ ತರಲಾಗದು. ಸಾಧ್ಯವಿದ್ದಷ್ಟು ಅದನ್ನು ಉಳಿಸಿಕೊಳ್ಳಿ ಎಂಬುದು ನನ್ನ ಬೇಡಿಕೆ. ಹೊಸ ಸೀಳಿನ ಬಿಳುಪು ಕಣ್ಣಿಗೆ ಹೊಡೆದರೆ ಗಟ್ಟಿ ಚಹಾ ಡಿಕಾಕ್ಷನ್ ಅಥವಾ ತೆಳು ಮಾಡಿದ ಮರದ ಬಣ್ಣವನ್ನು ಒಂದು ತುಂಡಿನ ಮೇಲೆ ಪ್ರಯೋಗಿಸಿ, ಒಣಗಿದ ಮೇಲೆ ಹೋಲಿಸಿ. ಸಿಪ್ಪೆ ಬಣ್ಣವನ್ನು ಬೇಗ ಹೀರುವುದಿಲ್ಲ, ಎರಡು ಮೂರು ಸಲ ಬೇಕಾಗಬಹುದು.

ಕೋಲುಗಳಿಗೆ 220ರ ಉಪ್ಪುಕಾಗದವನ್ನು ನಾರಿನ ಉದ್ದಕ್ಕೆ ಹಗುರವಾಗಿ ಎಳೆದು, ಅರಗಿನ ಪಾಲಿಶ್ ಅಥವಾ ತೆಳು ವಾರ್ನಿಷ್ ಎರಡು ಕೈ ಹಚ್ಚಿ. ಕೂತಾಗ ಬಾಗುವ ಹೆಣಿಗೆಗೆ ದಪ್ಪ ಪಾಲಿಯುರೆಥೇನ್ ಬೇಡ, ಅದು ಬಿರುಕುಬಿಟ್ಟು ಹೆಕ್ಕಳ ಏಳುತ್ತದೆ. ಜಾಲರಿಯ ಅಡಿಭಾಗಕ್ಕಂತೂ ಏನೂ ಹಚ್ಚಬೇಡಿ, ಮುಂದೆ ನೀರು ಹೀರಿ ಬಿಗಿಯಾಗಲು ಅದು ತೆರೆದಿರಬೇಕು. ಬಣ್ಣವೇ ಬೇಕೆಂದರೆ ಸ್ಪ್ರೇಯಲ್ಲಿ ತೆಳು ಪದರಗಳಾಗಿ ಬಿಡಿ. ಬ್ರಷ್ಷಿನಲ್ಲಿ ಬಳಿದರೆ ತೂತುಗಳು ಮುಚ್ಚುತ್ತವೆ.

ಅಗಸೆ ಎಣ್ಣೆ ಬಳಸುವವರು ಇದನ್ನು ದಯವಿಟ್ಟು ಎರಡು ಸಲ ಓದಿ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಅದು ಬಿಸಿಯಾಗಿ, ಯಾರೂ ಕಿಡಿ ತಾಗಿಸದೆಯೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ.

ಹಂತ 9: ದಿಂಬು

ಆರಾಮಕುರ್ಚಿಯ ಆಸನ ತಗ್ಗಾಗಿ, ಹಿಂದಕ್ಕೆ ಇಳಿಜಾರಾಗಿ ಇರುತ್ತದೆ. ದಪ್ಪ ದಿಂಬು ಇಟ್ಟ ಕೂಡಲೇ ಈ ಲೆಕ್ಕ ಕೆಡುತ್ತದೆ: ತೋಳು ಮೊಣಕೈಗೆ ಸಿಗುವುದಿಲ್ಲ, ಒರಗು ಬೆನ್ನಿನ ಸರಿಯಾದ ಜಾಗಕ್ಕೆ ತಾಗುವುದಿಲ್ಲ. 8ರಿಂದ 10 ಸೆಂಟಿಮೀಟರ್ ದಪ್ಪ, ಘನಮೀಟರಿಗೆ 32ರಿಂದ 40 ಕಿಲೊ ಸಾಂದ್ರತೆಯ ಫೋಮ್ ಸಾಕು. ಸಾಂದ್ರತೆ ಎಂದರೆ ಒಂದು ಘನಮೀಟರ್ ಫೋಮಿನ ತೂಕ, ಅದು ಕಡಿಮೆಯಿದ್ದಷ್ಟು ಬೇಗ ಕುಸಿಯುತ್ತದೆ. ದುಂಡು ಆಸನಕ್ಕೆ ಹಳೆಯ ಪೇಪರ್ ಹಾಸಿ ಅಂಚಿನ ಗೆರೆ ಒತ್ತಿ, ಆ ಮಾದರಿಯಂತೆ ಕತ್ತರಿಸಿ. ದಿಂಬಿನ ಅಡಿಗೆ ದಪ್ಪ ಹತ್ತಿ ಬಟ್ಟೆ ಇರಲಿ, ಜಿಪ್ ಬದಿಗೆ ಬರಲಿ. ಜಿಪ್ಪಿನ ಹಲ್ಲು ಬೆತ್ತದ ಮೇಲೆ ದಿನವೂ ಉಜ್ಜಿದರೆ ಎಳೆ ತುಂಡಾಗುತ್ತದೆ.

ಹಂತ 10: ಮನೆಯಲ್ಲಿ ಎಲ್ಲಿ ಇಡಬೇಕು?

ಇಂದಿನ ಮನೆಗಳಲ್ಲಿ ನುಣ್ಣನೆಯ ಗೋಡೆ, ಗಾಜು, ಚೌಕಾಕಾರದ ಸೋಫಾ ಹೆಚ್ಚು. ಅದರ ನಡುವೆ ಒಂದು ಬೆತ್ತದ ಕುರ್ಚಿ ಬಂದರೆ ಕೋಣೆಗೆ ಉಸಿರು ಬಂದಂತಾಗುತ್ತದೆ. ಆದರೆ ಸೋಫಾ, ಟೀಪಾಯಿ, ದೀಪ ಎಲ್ಲವೂ ಬೆತ್ತದ್ದೇ ಆದರೆ ಯಾವುದೂ ಕಣ್ಣಿಗೆ ನಿಲ್ಲುವುದಿಲ್ಲ. ಒಂದು ಅಥವಾ ಒಂದು ಜೋಡಿ ಸಾಕು ಎಂಬುದು ನನ್ನ ಅಭಿಪ್ರಾಯ. ಗೋಡೆಗೆ ಒತ್ತಿಸದೆ ಸುತ್ತ ಜಾಗ ಬಿಡಿ, ಇದರ ಹಿಂಭಾಗವೂ ನೋಡುವಂಥದ್ದೇ. ಪಕ್ಕದಲ್ಲಿ ತಗ್ಗಾಗಿ ಒಂದು ದೀಪ ಇಟ್ಟರೆ ಸಂಜೆ ಹೆಣಿಗೆಯ ನೆರಳು ಗೋಡೆಯ ಮೇಲೆ ಬೀಳುತ್ತದೆ.

ನೇರ ಬಿಸಿಲು ಬೀಳುವ ಕಿಟಕಿ, ಹೀಟರ್, ಎಸಿಯ ಗಾಳಿ ನೇರವಾಗಿ ಬಡಿಯುವ ಜಾಗ, ಈ ಮೂರೂ ಬೆತ್ತವನ್ನು ಒಣಗಿಸಿ ಸೀಳುತ್ತವೆ. ಗಾಳಿಯ ತೇವಾಂಶ 40ರಿಂದ 60 ಶೇಕಡ ಇದ್ದರೆ ಅದಕ್ಕೆ ಹಿತ. ಕಾಲುಗಳ ತುದಿಗೆ ರಬ್ಬರಿನ ಟೋಪಿ ಹಾಕಿ. ನೆಲ ಒರೆಸುವಾಗಲೆಲ್ಲ ಕತ್ತರಿಸಿದ ತುದಿಯೇ ನೀರು ಹೀರುವುದು. ತೋಳಿನ ಮೇಲೆ ಕೂರುವುದು, ಒಂದೇ ತೋಳು ಹಿಡಿದು ಎಳೆದು ಜರುಗಿಸುವುದು ಬೇಡ. ಆಸನದ ಅಡಿಯ ಚೌಕಟ್ಟು ಹಿಡಿದು ಎತ್ತಿ.

ವಾರಕ್ಕೊಮ್ಮೆ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ. ಒಣಹವೆಯಲ್ಲಿ ಆಗಾಗ ಆಸನದ ಅಡಿಗೆ ನೀರಿನ ಸಣ್ಣ ತುಂತುರು ಬಿಟ್ಟು ಒಣಗಲು ಬಿಡಿ. ವರ್ಷಕ್ಕೆ ಎರಡು ಸಲ ಕುರ್ಚಿ ಮಗುಚಿ, ಪ್ರತಿ ಕಟ್ಟಿನ ಮೇಲೂ ಉಗುರು ಹಾಯಿಸಿ ಸಡಿಲವಿದೆಯೇ ನೋಡಿ. ಒಂದು ಕಟ್ಟು ಬಿಚ್ಚಿದಾಗಲೇ ಸುತ್ತಿದರೆ ಅರ್ಧ ಗಂಟೆಯ ಕೆಲಸ, ಬಿಟ್ಟರೆ ಪಕ್ಕದ ಎರಡು ಕೀಲುಗಳೂ ಆ ಭಾರ ಹೊತ್ತು ಸಡಿಲಾಗುತ್ತವೆ. ಕೆಲಸ ಮುಗಿದ ಮೇಲೆ ಉಳಿದ ಸೀಳನ್ನು ಸುರುಳಿ ಸುತ್ತಿ, ಅದರ ಅಗಲವನ್ನು ಒಂದು ಚೀಟಿಯಲ್ಲಿ ಬರೆದು, ಎರಡನ್ನೂ ಸಣ್ಣ ಬಟ್ಟೆಚೀಲದಲ್ಲಿ ಹಾಕಿ ಆಸನದ ಅಡಿಗೇ ಕಟ್ಟಿಡಿ.